ಗಾಡಿ ತಡವಾದರೆ

(ಕಲಿಕಾ ಕೇಂದ್ರದಲ್ಲಿ ಓದು ಬರಹ ಕಲಿತ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ನಾವು ರೈಲಿನ ಬಗ್ಗೆ ಮಾತಾಡೋಣ.

ನಮ್ಮ ಕಲಬುರಗಿ ಕಡೆಯವರಿಗೆ ರೈಲು ಹೊಸದಲ್ಲ. ಮುಂಬಯಿಯಿಂದ ಬಂದ ಹಳಿ, ಮದರಾಸಿನಿಂದ ಬಂದ ಹಳಿ, ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಗಾಡಿ ನಮ್ಮ ಹೊಲಗಳ ಬದಿಯಲ್ಲೇ ಓಡುತ್ತಿದೆ. ದುಡಿಯಲು ಮುಂಬಯಿಗೆ, ಪುಣೆಗೆ ಹೋಗಿ ಬಂದವರು ನಮ್ಮಲ್ಲೇ ಎಷ್ಟೋ ಮಂದಿ ಇದ್ದಾರೆ. ಕೈ ಎತ್ತಿರಿ ನೋಡೋಣ. ನೋಡಿದಿರಾ? ಅರ್ಧಕ್ಕಿಂತ ಹೆಚ್ಚು ಕೈಗಳು!

ಆದರೆ ನಾವು ಹೇಗೆ ಹೋಗುತ್ತಿದ್ದೆವು? ಗಂಡನ ಹಿಂದೆ, ಇಲ್ಲವೇ ಮಗನ ಹಿಂದೆ. ಮೇಸ್ತ್ರಿ ಹತ್ತು ಅಂದರೆ ಹತ್ತುವುದು, ಇಳಿ ಅಂದರೆ ಇಳಿಯುವುದು. ಟಿಕೆಟ್ಟು ಅವರ ಜೇಬಿನಲ್ಲಿ. ಅದರಲ್ಲಿ ಏನು ಬರೆದಿದೆ ಎಂದು ನಾವು ಕೇಳಿದವರಲ್ಲ.

ಗಾಡಿ ಹೊತ್ತಿಗೆ ಸರಿಯಾಗಿ ಬಂತು, ಹೊತ್ತಿಗೆ ಸರಿಯಾಗಿ ಮುಟ್ಟಿಸಿತು ಅಂದರೆ ಯಾರಾದರೂ ಹೋಗಿ ಬರಬಹುದು. ಗಾಡಿ ತಡವಾದಾಗಲೇ ಕಷ್ಟ. ಆಗ ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಯಾರ ಮಾತು ನಂಬುವುದು? ಓದಲು ಬಂದರೆ ಯಾರ ಮಾತನ್ನೂ ಸುಮ್ಮನೆ ನಂಬಬೇಕಾಗಿಲ್ಲ. ನಾವೇ ನೋಡಿ ತಿಳಿಯಬಹುದು. ಇದೇ ಇವತ್ತಿನ ಮಾತು.

ಹೋದ ಜನವರಿಯಲ್ಲಿ ನಮ್ಮ ಕೇಂದ್ರದಿಂದ ಹನ್ನೊಂದು ಮಂದಿ ಕಾಶಿಗೆ ಹೋಗಿ ಬಂದೆವು. ಜೊತೆಗೆ ಗಂಡಸರು ಇರಲಿಲ್ಲ. ಸಂಘದಲ್ಲಿ ವಾರವಾರ ಕೂಡಿಟ್ಟ ದುಡ್ಡು. ಹಿರಿಯರಿಗೆ ಅರವತ್ತೆರಡು ವರ್ಷ. ಎಲ್ಲರಿಗಿಂತ ಚಿಕ್ಕವಳಿಗೆ ಇಪ್ಪತ್ತಾರು. ಕಲಬುರಗಿಯಿಂದ ಇಟಾರ್ಸಿ ತನಕ ಒಂದು ಗಾಡಿ. ಅದು ಸುಮಾರು ಸಾವಿರ ಕಿಲೋಮೀಟರ್. ಇಟಾರ್ಸಿಯಿಂದ ಕಾಶಿಗೆ ಇನ್ನೊಂದು ಗಾಡಿ. ಅದು ಸುಮಾರು ಏಳುನೂರೈವತ್ತು ಕಿಲೋಮೀಟರ್. ಬರುವಾಗಲೂ ಹೀಗೇ ಎರಡು ಗಾಡಿ. ಬರುವಾಗ ಏನಾಯಿತು ಎಂದು ಆಮೇಲೆ ಹೇಳುತ್ತೇವೆ. ಮೊದಲು ಟಿಕೆಟ್ಟು ಓದೋಣ.

ಟಿಕೆಟ್ಟಿನಲ್ಲಿ ಏನಿದೆ?

ಕಾಯ್ದಿರಿಸಿದ ಟಿಕೆಟ್ಟು ಕೈಗೆ ಬಂದ ಕೂಡಲೇ ಐದು ಸಂಗತಿ ನೋಡಬೇಕು.

ಒಂದು, ಗಾಡಿಯ ಸಂಖ್ಯೆ. ಇದರಲ್ಲಿ ಐದು ಅಂಕಿ ಇರುತ್ತವೆ. ಗಾಡಿಗೆ ಹೆಸರೂ ಇರುತ್ತದೆ. ಆದರೆ ಒಂದೇ ತರಹದ ಹೆಸರಿನ ಗಾಡಿಗಳು ಎಷ್ಟೋ ಇವೆ. ಹೆಸರು ಮರೆತರೂ ಪರವಾಗಿಲ್ಲ, ಸಂಖ್ಯೆ ಮರೆಯಬಾರದು.

ಎರಡು, ಪಿ ಎನ್ ಆರ್ ಸಂಖ್ಯೆ. ಇದರಲ್ಲಿ ಹತ್ತು ಅಂಕಿ. ಇದು ನಮ್ಮ ಟಿಕೆಟ್ಟಿನ ಗುರುತು. ಇದನ್ನು ಒಂದು ಚೀಟಿಯಲ್ಲಿ ಬೇರೆ ಬರೆದುಕೊಳ್ಳಿ. ಚೀಟಿ ಒಂದು ಕಡೆ, ಟಿಕೆಟ್ಟು ಒಂದು ಕಡೆ ಇರಲಿ.

ಮೂರು, ತಾರೀಖು ಮತ್ತು ಹೊರಡುವ ಹೊತ್ತು.

ನಾಲ್ಕು, ಬೋಗಿ. ಸ್ಲೀಪರ್ ಬೋಗಿಗೆ ಎಸ್ 1, ಎಸ್ 2, ಎಸ್ 3 ಎಂದು ಬರೆದಿರುತ್ತದೆ.

ಐದು, ಮಲಗುವ ಜಾಗದ ಸಂಖ್ಯೆ. ಸ್ಲೀಪರ್ ಬೋಗಿಯಲ್ಲಿ ಎಂಟೆಂಟು ಜಾಗಕ್ಕೆ ಒಂದು ಖಾನೆ. 1 ಮತ್ತು 4 ಕೆಳಗಿನವು. 2 ಮತ್ತು 5 ನಡುವಿನವು. 3 ಮತ್ತು 6 ಮೇಲಿನವು. 7 ಪಕ್ಕದ ಕೆಳಗಿನದು, 8 ಪಕ್ಕದ ಮೇಲಿನದು. ಮುಂದಿನ ಖಾನೆಯಲ್ಲಿ 9ರಿಂದ ಮತ್ತೆ ಇದೇ ಲೆಕ್ಕ. ನಲವತ್ತೈದು ದಾಟಿದ ಹೆಂಗಸರಿಗೆ, ಜಾಗ ಇದ್ದರೆ, ಕೆಳಗಿನದನ್ನೇ ಕೊಡಬೇಕು ಎಂಬ ನಿಯಮವಿದೆ. ಅದಕ್ಕೇ ಅರ್ಜಿಯಲ್ಲಿ ವಯಸ್ಸು ಸರಿಯಾಗಿ ಬರೆಯಿರಿ. ಆಧಾರ್ ಕಾರ್ಡನ್ನೂ ಜೊತೆಗೆ ಇಟ್ಟುಕೊಳ್ಳಿ.

ಇನ್ನೂ ಒಂದು ಗುರುತು ಇದೆ. ಸಿ ಎನ್ ಎಫ್ ಎಂದಿದ್ದರೆ ಜಾಗ ಖಾತ್ರಿ. ಆರ್ ಎ ಸಿ ಎಂದಿದ್ದರೆ ಪಕ್ಕದ ಕೆಳಗಿನ ಜಾಗದಲ್ಲಿ ಇಬ್ಬರು ಕೂತು ಹೋಗಬೇಕು. ಡಬ್ಲ್ಯು ಎಲ್ ಎಂದಿದ್ದರೆ ಜಾಗ ಇನ್ನೂ ಸಿಕ್ಕಿಲ್ಲ. ಆ ಟಿಕೆಟ್ಟು ಹಿಡಿದು ಸ್ಲೀಪರ್ ಬೋಗಿ ಹತ್ತುವ ಹಾಗಿಲ್ಲ.

ನೀವು ಕೇಳಬಹುದು, "ಟೀಚರ್, ನಾವು ಕಲಿತದ್ದು ಕನ್ನಡ. ಸೊಲ್ಲಾಪುರ ದಾಟಿ ಮುಂದ ಹೋದ್ರ ಕನ್ನಡ ಬೋರ್ಡೇ ಇರಂಗಿಲ್ಲಲ್ರೀ?" ಎಂದು. ನಿಜ. ಆದರೆ ಅಂಕಿ ಇರುತ್ತದಲ್ಲ! ಪುಸ್ತಕದಲ್ಲಿ ೧, ೨, ೩ ಕಲಿತೆವು. ಅದರ ಜೊತೆಗೆ 1, 2, 3 ಕೂಡ ಕಲಿತೆವು. ಗಾಡಿಯ ಸಂಖ್ಯೆ, ಪ್ಲಾಟ್‌ಫಾರಂ ಸಂಖ್ಯೆ, ಬೋಗಿ, ಜಾಗ, ಹೊತ್ತು, ಎಲ್ಲವೂ ಈ ಅಂಕಿಯಲ್ಲೇ ಇರುತ್ತವೆ. ಭಾಷೆ ಬದಲಾದರೂ ಈ ಅಂಕಿ ಬದಲಾಗುವುದಿಲ್ಲ. ದೌಂಡ್, ಮನಮಾಡ್, ಭುಸಾವಳ್, ಖಂಡ್ವಾ ಎಲ್ಲ ದಾಟಿ ಹೋದೆವು. ಎಲ್ಲ ಕಡೆಯೂ ನಮ್ಮ ಕೈ ಹಿಡಿದದ್ದು ಅಂಕಿಯೇ.

ರೈಲಿನ ಗಡಿಯಾರ

ರೈಲಿನವರ ಗಡಿಯಾರಕ್ಕೆ ಇಪ್ಪತ್ನಾಲ್ಕು ಗಂಟೆ. ಮಧ್ಯಾಹ್ನ ಒಂದು ಗಂಟೆ ಎಂದರೆ 13:00. ಸಂಜೆ ಐದು ಎಂದರೆ 17:00. 12ಕ್ಕಿಂತ ದೊಡ್ಡ ಅಂಕಿ ಕಂಡರೆ ಅದರಲ್ಲಿ 12 ಕಳೆಯಿರಿ. ನಮ್ಮ ಗಡಿಯಾರದ ಹೊತ್ತು ಸಿಗುತ್ತದೆ. 20:15 ಇದ್ದರೆ? 20ರಲ್ಲಿ 12 ಕಳೆದರೆ 8. ಅಂದರೆ ರಾತ್ರಿ ಎಂಟೂಕಾಲು.

ನಡುರಾತ್ರಿಯದು ಮಾತ್ರ ಸ್ವಲ್ಪ ತೊಡಕು. ರಾತ್ರಿ ಹನ್ನೆರಡಕ್ಕೆ ತಾರೀಖು ಬದಲಾಗುತ್ತದೆ. ಟಿಕೆಟ್ಟಿನಲ್ಲಿ 14ನೇ ತಾರೀಖು, 00:20 ಎಂದಿದೆ ಅಂತ ಇಟ್ಟುಕೊಳ್ಳಿ. ಯಾವ ರಾತ್ರಿ ಸ್ಟೇಷನ್ನಿಗೆ ಹೋಗಬೇಕು? 13ರ ರಾತ್ರಿ ಉಂಡು ಹೊರಡಬೇಕು! 14ರ ರಾತ್ರಿ ಹೋದರೆ ಗಾಡಿ ಹೋಗಿ ಒಂದು ದಿನ ಕಳೆದಿರುತ್ತದೆ. ಓದಿದವರೇ ಇಲ್ಲಿ ಎಡವುತ್ತಾರೆ. ನಾವು ಎಡವಬಾರದು.

ಗಾಡಿ ಯಾಕೆ ನಿಲ್ಲುತ್ತದೆ?

ಹೋಗುವಾಗ ಬೆಳಗಿನ ಜಾವ ಗಾಡಿ ಬಯಲಿನಲ್ಲಿ ನಿಂತುಬಿಟ್ಟಿತು. ಸ್ಟೇಷನ್ ಇಲ್ಲ, ಊರಿಲ್ಲ. ಕಿಟಕಿಯ ಹೊರಗೆ ಹಾಲು ಚೆಲ್ಲಿದ ಹಾಗೆ ಬರೀ ಮಂಜು. ಹತ್ತು ಹೆಜ್ಜೆ ಆಚೆಗಿನ ಗಿಡವೂ ಕಾಣುತ್ತಿರಲಿಲ್ಲ.

"ಯಾಕವ್ವಾ ನಿಂತದ? ಇಂಜಿನ್ ಕೆಟ್ಟದೇನ?" ಎಂದು ಹಿರಿಯಮ್ಮ ಕೇಳಿದರು.

ಇಂಜಿನ್ ಕೆಟ್ಟಿರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಕಡೆ ದಟ್ಟ ಮಂಜು ಬೀಳುತ್ತದೆ. ಗಾಡಿ ಓಡಿಸುವವರಿಗೆ ಮುಂದಿನ ಸಿಗ್ನಲ್ ಕಾಣುವುದಿಲ್ಲ. ಸಿಗ್ನಲ್ ಕಾಣದೆ ಜೋರಾಗಿ ಓಡಿಸಿದರೆ ಏನಾದೀತು? ಮುಂದೆ ನಿಂತ ಗಾಡಿಗೆ ಹೋಗಿ ಬಡಿದೀತು. ಅದಕ್ಕೇ ನಿಧಾನವಾಗಿ ಓಡಿಸುತ್ತಾರೆ. ಸಿಗ್ನಲ್ ಹತ್ತಿರ ಬಂತು ಎಂದು ತಿಳಿಸಲು ಹಳಿಯ ಮೇಲೆ ಪಟಾಕಿಯಂಥ ವಸ್ತು ಇಡುವ ಪದ್ಧತಿ ಹಿಂದಿನಿಂದ ಇದೆ. ಚಕ್ರ ಹತ್ತಿದಾಗ ಅದು ಢಂ ಎನ್ನುತ್ತದೆ. ಈಗ ಇಂಜಿನ್ನಿನೊಳಗೆ ಮುಂದಿನ ಸಿಗ್ನಲ್ ಎಷ್ಟು ದೂರ ಇದೆ ಎಂದು ತೋರಿಸುವ ಯಂತ್ರವನ್ನೂ ಇಡುತ್ತಾರೆ. ಆದರೂ ಮಂಜಿನಲ್ಲಿ ತಡ ತಪ್ಪಿದ್ದಲ್ಲ.

ಮಂಜು ಇಲ್ಲದ ಕಡೆ ಬೇರೆ ಕಾರಣ ಇರುತ್ತವೆ. ಒಂದೇ ಹಳಿ ಇರುವ ಕಡೆ ಎದುರಿನ ಗಾಡಿ ಬರುವ ತನಕ ನಮ್ಮ ಗಾಡಿ ಸ್ಟೇಷನ್ನಿನಲ್ಲಿ ಕಾಯಬೇಕು. ಕಾಲುದಾರಿಯಲ್ಲಿ ಎದುರಿಗೆ ಎತ್ತಿನ ಬಂಡಿ ಬಂದರೆ ನಾವು ಬದಿಗೆ ಸರಿದು ನಿಲ್ಲುವುದಿಲ್ಲವೇ, ಹಾಗೆ. ಮಳೆಗಾಲದಲ್ಲಿ ಘಟ್ಟದ ಕಡೆ ಗುಡ್ಡ ಜರಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ದಾರಿಯಲ್ಲಿ ಹಳಿಯ ಮೇಲೆ ಮಣ್ಣು ಬಿದ್ದು ಗಾಡಿ ನಿಂತದ್ದು ಎಷ್ಟೋ ಸಲ. ಹಳಿ ರಿಪೇರಿ ಇರುತ್ತದೆ. ಸುಮ್ಮನೆ ಚೈನು ಎಳೆಯುವವರೂ ಇರುತ್ತಾರೆ. ಸರಿಯಾದ ಕಾರಣ ಇಲ್ಲದೆ ಚೈನು ಎಳೆದರೆ ಒಂದು ವರ್ಷದ ತನಕ ಜೈಲು, ಇಲ್ಲವೇ ಸಾವಿರ ರೂಪಾಯಿ ತನಕ ದಂಡ ಆಗಬಹುದು.

ಇನ್ನೊಂದು ಮಾತು ತಿಳಿದಿರಲಿ. ತಡವಾದ ಗಾಡಿ ಮುಂದೆ ಇನ್ನೂ ತಡವಾಗಬಹುದು. ಅದರ ಪಾಳಿ ತಪ್ಪಿ ಹೋಗಿರುತ್ತದೆ. ಹೊತ್ತಿಗೆ ಸರಿಯಾಗಿ ಓಡುವ ಗಾಡಿಗೆ ದಾರಿ ಬಿಟ್ಟು ಇದು ಕಾಯಬೇಕಾಗುತ್ತದೆ. ಅದಕ್ಕೇ ಒಂದು ಗಂಟೆ ತಡ ಎಂದದ್ದು ಸಂಜೆಗೆ ಮೂರು ಗಂಟೆ ಆದರೆ ಗಾಬರಿ ಬೇಡ.

ಅವತ್ತು ಬಯಲಿನಲ್ಲಿ ನಿಂತಾಗ ನಮ್ಮಲ್ಲಿ ಒಬ್ಬಳು ತಂಗಿ, "ಸಣ್ಣಗ ಕೆಳಗ ಇಳಿದು ಬರ್ತೀನ್ರಿ, ಸಂಡಾಸಿನ್ಯಾಗ ನೀರು ಇಲ್ಲ," ಎಂದಳು. ಪಕ್ಕದ ರೊಟ್ಟಿ ಮಾರುವ ಅಕ್ಕ ಅವಳ ಕೈ ಹಿಡಿದಳು. "ಹುಚ್ಚಿ, ಬಾಜೂ ಹಳಿ ಮ್ಯಾಲ ಗಾಡಿ ಬಂದ್ರ ಈ ಮಂಜಿನ್ಯಾಗ ನಿನಗ ಕಾಣ್ತದೇನ?" ಎಂದಳು. ಬಾಟಲಿಯ ನೀರು ಕೊಟ್ಟು ಒಳಗೇ ಕಳಿಸಿದಳು. ಎರಡು ನಿಮಿಷ ಆಗಿರಲಿಲ್ಲ. ಪಕ್ಕದ ಹಳಿಯಲ್ಲಿ ಒಂದು ಗಾಡಿ ದಡದಡ ಅಂತ ಹೋಯಿತು. ನಾವು ಯಾರೂ ಮಾತಾಡಲಿಲ್ಲ.

ನಡು ದಾರಿಯಲ್ಲಿ ನಿಂತ ಗಾಡಿಯಿಂದ ಇಳಿಯಬಾರದು. ಎಷ್ಟು ಹೊತ್ತಾದರೂ ಇಳಿಯಬಾರದು.

ಒಂಬತ್ತು ಗಂಟೆ ತಡ

ಈಗ ಬರುವಾಗಿನ ಮಾತು. ದರ್ಶನ ಮುಗಿಯಿತು, ಗಂಗೆಯ ಸ್ನಾನ ಆಯಿತು. ಸಣ್ಣ ತಂಬಿಗೆಯಲ್ಲಿ ಗಂಗೆ ತುಂಬಿಕೊಂಡು ಸ್ಟೇಷನ್ನಿಗೆ ಬಂದೆವು. ನಮ್ಮ ಗಾಡಿ 16:40ಕ್ಕೆ. ಬೋರ್ಡು ನೋಡಿದೆವು. ನಮ್ಮ ಐದು ಅಂಕಿಯ ಮುಂದೆ ಎರಡು ಗಂಟೆ ತಡ ಎಂದಿತ್ತು. ಸರಿ, ಕೂತೆವು. ಆರು ಗಂಟೆಗೆ ನೋಡಿದರೆ ಐದು ಗಂಟೆ ತಡ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರೆ ಒಂಬತ್ತು ಗಂಟೆ ತಡ!

ಹೂವು ಮಾರುವ ಅಕ್ಕ ನೋಟುಪುಸ್ತಕ ತೆಗೆದಳು. ನಾವು ಯಾರೂ ಹೇಳಿರಲಿಲ್ಲ, ಅವಳೇ ತೆಗೆದಳು. 16:40ಕ್ಕೆ 9 ಕೂಡಿಸಿದಳು. 25:40 ಬಂತು. "ಇದ್ಯಾವ ಗಂಟಿರೀ, ಇಪ್ಪತ್ತೈದು?" ಎಂದು ನಕ್ಕಳು. ಆಮೇಲೆ ತಾನೇ 24 ಕಳೆದಳು. "ರಾತ್ರಿ 01:40. ತಾರೀಖು ನಾಳಿಂದು," ಎಂದಳು.

ಅಷ್ಟಕ್ಕೆ ಬಿಡಲಿಲ್ಲ. ಈ ಗಾಡಿ ಇಟಾರ್ಸಿ ಮುಟ್ಟಬೇಕಾದದ್ದು ಬೆಳಗಿನ 05:40. ಅದಕ್ಕೂ 9 ಕೂಡಿಸಿದಳು. 14:40. ಅಂದರೆ ಮಧ್ಯಾಹ್ನ ಎರಡು ನಲವತ್ತು. ಇಟಾರ್ಸಿಯಿಂದ ಕಲಬುರಗಿಗೆ ನಮ್ಮ ಎರಡನೇ ಗಾಡಿ ಎಷ್ಟಕ್ಕೆ? 11:15ಕ್ಕೆ.

"ಟೀಚರ್, ಆ ಗಾಡಿ ನಮಗ ಸಿಗಂಗಿಲ್ಲ," ಎಂದಳು.

ಎಲ್ಲರ ಮುಖ ಬಾಡಿತು. ಹನ್ನೊಂದು ಮಂದಿಯ ಟಿಕೆಟ್ಟಿನ ಹಣ. ಇಟಾರ್ಸಿಯಲ್ಲಿ ಇಳಿದರೆ ನಮ್ಮವರು ಯಾರೂ ಇಲ್ಲ. ಆದರೆ ನೋಡಿ, ಈ ಸುದ್ದಿ ನಮಗೆ ಗೊತ್ತಾದದ್ದು ಯಾವಾಗ? ಹಿಂದಿನ ದಿನ ಸಂಜೆ. ಲೆಕ್ಕ ಬರದಿದ್ದರೆ ಮರುದಿನ ಮಧ್ಯಾಹ್ನ ಇಟಾರ್ಸಿಯಲ್ಲಿ ಇಳಿದ ಮೇಲೆ ಗೊತ್ತಾಗುತ್ತಿತ್ತು. ಆಗ ಗಾಡಿಯೂ ಹೋಗಿರುತ್ತಿತ್ತು, ಹಣವೂ ಹೋಗಿರುತ್ತಿತ್ತು.

ಎಲ್ಲರೂ ಸುತ್ತ ಕೂತು ಮಾತಾಡಿದೆವು. ದಾರಿ ಎರಡು ಇದ್ದವು. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡ. ಆದ್ದರಿಂದ ಈ ಟಿಕೆಟ್ಟು ವಾಪಸ್ ಕೊಟ್ಟು ಪೂರ್ತಿ ಹಣ ತೆಗೆದುಕೊಳ್ಳಬಹುದು. ಆದರೆ ಆಮೇಲೆ ಬೇರೆ ಗಾಡಿ ಎಲ್ಲಿ? ಮಂಜಿನಲ್ಲಿ ಎಲ್ಲ ಗಾಡಿಯೂ ತಡ. ಇನ್ನೊಂದು ದಾರಿ, ಈ ಗಾಡಿಗೇ ಕಾಯುವುದು, ಎರಡನೇ ಟಿಕೆಟ್ಟು ಮಾತ್ರ ಬದಲಿಸುವುದು. ಒಬ್ಬೊಬ್ಬರನ್ನೂ ಕೇಳಿದೆವು. ಎಂಟು ಮಂದಿ ಕಾಯೋಣ ಎಂದರು. ಹಾಗೇ ಆಗಲಿ ಎಂದು ಎಲ್ಲರೂ ಒಪ್ಪಿದರು.

ಇಬ್ಬರು ಕೌಂಟರಿಗೆ ಹೋದರು. ಕೌಂಟರಿನಲ್ಲಿ ತೆಗೆಸಿದ ಕಾಯ್ದಿರಿಸಿದ ಟಿಕೆಟ್ಟನ್ನು ದೇಶದ ಯಾವ ರಿಸರ್ವೇಷನ್ ಕೌಂಟರಿನಲ್ಲಿಯೂ ರದ್ದು ಮಾಡಿಸಬಹುದು. ಎರಡನೇ ಟಿಕೆಟ್ಟು ರದ್ದಾಯಿತು. ಒಂದು ಪಾಲು ಹಣ ಕಡಿತವಾಯಿತು. ಉಳಿದದ್ದು ಕೈಗೆ ಬಂತು. ಮರುದಿನ ಸಂಜೆಯ ಇನ್ನೊಂದು ಗಾಡಿಗೆ ಅರ್ಜಿ ಬರೆದರು. ಹನ್ನೊಂದು ಹೆಸರು, ಹನ್ನೊಂದು ವಯಸ್ಸು. ಅಂಕಿಯೊಂದೂ ತಪ್ಪಲಿಲ್ಲ. ಏಳು ಮಂದಿಗೆ ಜಾಗ ಸಿಕ್ಕಿತು. ನಾಲ್ವರಿಗೆ ಆರ್ ಎ ಸಿ. ಊರಿಗೆ ಫೋನ್ ಮಾಡಿ, "ಒಂದು ದಿನ ತಡ ಆಗ್ತದ, ಗಾಬರಿ ಆಗಬ್ಯಾಡ್ರಿ," ಎಂದು ಹೇಳಿದೆವು.

ಗಾಡಿ ರದ್ದಾಗಿದೆ ಎಂದವನು

ಗಾಡಿ ತಡವಾದ ಕಡೆ ಮೋಸಗಾರರು ಬರುತ್ತಾರೆ. ನಮ್ಮ ಹತ್ತಿರವೂ ಒಬ್ಬ ಬಂದ. ಬಟ್ಟೆ ನೆಟ್ಟಗಿತ್ತು, ಮಾತು ಮೃದು. ಹಿಂದಿಯಲ್ಲಿ ಹೇಳಿದ, "ನಿಮ್ಮ ಗಾಡಿ ರದ್ದಾಗಿದೆ. ನನ್ನ ಕಡೆ ವ್ಯಾನ್ ಇದೆ. ತಲೆಗೆ ಎರಡು ಸಾವಿರ ಕೊಟ್ಟರೆ ಇಟಾರ್ಸಿಗೆ ಬಿಡುತ್ತೇನೆ," ಎಂದು. ಇಬ್ಬರು ಅಕ್ಕಂದಿರು ಗಂಟು ಎತ್ತಿಕೊಂಡೇ ಬಿಟ್ಟರು. ಚಳಿ, ರಾತ್ರಿ, ಯಾರಿಗೆ ಬೇಡ ಹೇಳಿ?

ಎಲ್ಲರಿಗಿಂತ ಚಿಕ್ಕ ತಂಗಿ ಎದ್ದು ನಿಂತಳು. ಮುಂಬಯಿಯಲ್ಲಿ ಕೂಲಿ ಮಾಡಿದವಳು, ಹಿಂದಿ ಸ್ವಲ್ಪ ಬರುತ್ತದೆ. ಅವನಿಗೆ ಒಂದೇ ಪ್ರಶ್ನೆ ಕೇಳಿದಳು. "ನಮ್ಮ ಗಾಡಿ ನಂಬರ್ ಯಾವುದು?"

ಅವನಿಗೆ ಹೇಳಲಾಗಲಿಲ್ಲ. ಏನೋ ಒಂದು ನಂಬರ್ ಹೇಳಿದ. ಅವಳು ಟಿಕೆಟ್ಟು ನೋಡಿದಳು, ಬೋರ್ಡು ನೋಡಿದಳು. ನಮ್ಮ ಗಾಡಿಯ ಸಂಖ್ಯೆ ಬೋರ್ಡಿನಲ್ಲಿ ಹಾಗೇ ಇತ್ತು. ಮತ್ತೂ ಖಾತ್ರಿಯಾಗಲಿ ಎಂದು ಫೋನಿನಲ್ಲಿ 139 ಒತ್ತಿ ಕೇಳಿದೆವು. ಗಾಡಿ ರದ್ದಾಗಿಲ್ಲ, ತಡವಾಗಿ ಬರುತ್ತಿದೆ ಎಂದು ತಿಳಿಯಿತು. ತಿರುಗಿ ನೋಡುವಷ್ಟರಲ್ಲಿ ಆ ಮನುಷ್ಯ ಇರಲಿಲ್ಲ.

ಎರಡು ಸಾವಿರದಂತೆ ಹನ್ನೊಂದು ಮಂದಿಗೆ ಇಪ್ಪತ್ತೆರಡು ಸಾವಿರ. ಐದು ಅಂಕಿ ಓದಲು ಬಂದದ್ದಕ್ಕೆ ಉಳಿದ ಹಣ ಇದು. ಹಣ ಹೋಗಲಿ, ನಡುರಾತ್ರಿ ಗುರುತಿಲ್ಲದ ವ್ಯಾನಿನಲ್ಲಿ ಏನಾಗುತ್ತಿತ್ತೋ ಯಾರು ಬಲ್ಲರು?

ಕಾಯುವುದೂ ಒಂದು ಕೆಲಸ

ದೊಡ್ಡ ಸ್ಟೇಷನ್ನುಗಳಲ್ಲಿ ಹೆಂಗಸರಿಗೆ ಬೇರೆ ವಿಶ್ರಾಂತಿ ಕೋಣೆ ಇರುತ್ತದೆ. ಟಿಕೆಟ್ಟು ತೋರಿಸಿದರೆ ಒಳಗೆ ಬಿಡುತ್ತಾರೆ. ನಾವು ಅಲ್ಲಿಗೆ ಹೋದೆವು. ಪಾಳಿ ಮಾಡಿಕೊಂಡೆವು. ಇಬ್ಬರು ಗಂಟು ಕಾಯುವುದು, ಒಬ್ಬರು ಬೋರ್ಡು ನೋಡಿ ಬರುವುದು, ಉಳಿದವರು ಮಲಗುವುದು. ಗಂಟೆಗೊಮ್ಮೆ ಪಾಳಿ ಬದಲು.

ರಾತ್ರಿ ಹತ್ತರ ಹೊತ್ತಿಗೆ ಹಿರಿಯಮ್ಮನಿಗೆ ಕೈ ನಡುಗತೊಡಗಿತು. ಅಂಥ ಚಳಿಯಲ್ಲಿ ಹಣೆಯ ಮೇಲೆ ಬೆವರು. ಮಾತು ತೊದಲಿತು. ಅವರಿಗೆ ಸಕ್ಕರೆ ಕಾಯಿಲೆ. ಸಂಜೆ ಮಾತ್ರೆ ನುಂಗಿದ್ದರು. ಆದರೆ ಊಟ ಮಾಡಿರಲಿಲ್ಲ. "ರೊಟ್ಟಿ ಸ್ವಲ್ಪೇ ಅದಾವ, ನಾಳಿಗಿ ಹುಡುಗ್ಯಾರಿಗಿ ಬೇಕಾಗ್ತಾವ," ಎಂದು ತಮ್ಮ ಪಾಲಿನದನ್ನು ಎತ್ತಿಟ್ಟಿದ್ದರು!

ನಮ್ಮ ಹೆಂಗಸರ ಬುದ್ಧಿಯೇ ಹೀಗೆ. ಎಲ್ಲರಿಗೂ ಬಡಿಸಿ ತಾವು ಉಪವಾಸ ಇರುವುದು.

ಕೂಡಲೇ ಬೆಲ್ಲ ಕೊಟ್ಟೆವು. ಸಕ್ಕರೆ ಹಾಕಿದ ಚಹಾ ಕುಡಿಸಿದೆವು. ಕಾಲು ಗಂಟೆಯಲ್ಲಿ ಸುಧಾರಿಸಿದರು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಎದುರಿಗೆ ಕೂತು ಉಣ್ಣಿಸಿದೆವು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರ ಇಳಿಯುತ್ತದೆ. ನಡುಕ, ಬೆವರು, ತೊದಲು ಮಾತು ಅದರ ಗುರುತು. ಎಚ್ಚರ ಇದ್ದಾಗಲೇ ಸಿಹಿ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಡಾಕ್ಟರನ್ನು ಕರೆಸಬೇಕು. ಅದಕ್ಕೂ 139ಕ್ಕೆ ಫೋನ್ ಮಾಡಬಹುದು.

ದೂರದ ದಾರಿಗೆ ಹೊರಟಾಗ ಒಂದು ದಿನದ ರೊಟ್ಟಿ ಹೆಚ್ಚಿಗೆ ಕಟ್ಟಿಕೊಳ್ಳಿ. ಮಾತ್ರೆಯೂ ಎರಡು ದಿನಕ್ಕೆ ಹೆಚ್ಚಿಗೆ ಇರಲಿ. ಅವು ಟ್ರಂಕಿನ ಅಡಿಯಲ್ಲಿ ಅಲ್ಲ, ಕೈಚೀಲದಲ್ಲಿ ಇರಲಿ. ಸಂಡಾಸಿಗೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯದೆ ಇರಬೇಡಿ. ನಮ್ಮಲ್ಲಿ ಬಹಳ ಮಂದಿ ಹೀಗೆ ಮಾಡುತ್ತಾರೆ. ಉರಿಮೂತ್ರ ಶುರುವಾದರೆ ಪ್ರವಾಸವೆಲ್ಲ ನೋವಾಗುತ್ತದೆ. ನೀರಿನ ಬಾಟಲಿ ಕೊಳ್ಳುವಾಗ ಮುಚ್ಚಳದ ಸೀಲು ನೋಡಿ. ಮೇಲೆ ಬರೆದ ಬೆಲೆ ಓದಿ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಾಗಿಲ್ಲ.

ಗಾಡಿ ಬರುವುದು 5ನೇ ಪ್ಲಾಟ್‌ಫಾರಂಗೆ ಎಂದಿತ್ತು. ಒಂದೂಕಾಲಿಗೆ ಬೋರ್ಡು ನೋಡುವ ಪಾಳಿಯವಳು ಓಡಿ ಬಂದಳು. "5 ಅಲ್ರೀ, 2 ಆಗ್ಯಾದ!" ಎಂದಳು. ಗಂಟು ಹೊತ್ತು ಮೇಲಿನ ಸೇತುವೆ ದಾಟಿ ಹೋದೆವು. ಹಳಿ ದಾಟಲಿಲ್ಲ. ಎಸ್ 4 ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಅಲ್ಲೇ ನಿಂತೆವು. ಗಾಡಿ ಬಂದಾಗ ಎರಡು ಗಂಟೆ ಹತ್ತು ನಿಮಿಷ. ಹನ್ನೊಂದು ಮಂದಿಯೂ ಹತ್ತಿದೆವು. ಎಣಿಸಿಕೊಂಡೆವು. ಆಮೇಲೆ ಮಲಗಿದೆವು.

ನಮಗೆ ಏನೇನು ಹಕ್ಕಿದೆ?

ಗಾಡಿ ನಾವು ಹತ್ತುವ ಸ್ಟೇಷನ್ನಿಗೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬರುವುದಿದ್ದು, ನಾವು ಹೋಗುವುದು ಬೇಡ ಎಂದು ಬಿಟ್ಟರೆ, ಪೂರ್ತಿ ಹಣ ವಾಪಸ್ ಸಿಗುತ್ತದೆ. ಆದರೆ ಗಾಡಿ ಹೊರಡುವುದರೊಳಗೆ ಟಿಕೆಟ್ಟು ಕೌಂಟರಿಗೆ ಕೊಡಬೇಕು. ಫೋನಿನಲ್ಲಿ ತೆಗೆಸಿದ ಟಿಕೆಟ್ಟಾದರೆ ಫೋನಿನಲ್ಲೇ ಅರ್ಜಿ ಹಾಕಬೇಕು. ಆ ಅರ್ಜಿಗೆ ಟಿ ಡಿ ಆರ್ ಎನ್ನುತ್ತಾರೆ.

ಗಾಡಿಯನ್ನೇ ರದ್ದು ಮಾಡಿದರೂ ಪೂರ್ತಿ ಹಣ ಸಿಗುತ್ತದೆ. ಕೌಂಟರಿನ ಟಿಕೆಟ್ಟನ್ನು ಮೂರು ದಿನದೊಳಗೆ ಕೊಡಬೇಕು. ಫೋನಿನ ಟಿಕೆಟ್ಟಿನ ಹಣ ತಾನಾಗಿಯೇ ಖಾತೆಗೆ ಬರುತ್ತದೆ.

ಎರಡು ಗಾಡಿ ಬದಲಿಸಿ ಹೋಗುವವರು ಎರಡೂ ಟಿಕೆಟ್ಟನ್ನು ಜೋಡಿಸುವ ಸೌಕರ್ಯ 2019ರಿಂದ ಇದೆ. ಹಾಗೆ ಜೋಡಿಸಿದ್ದರೆ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಟಿಕೆಟ್ಟಿನ ಹಣ ಕೇಳಬಹುದು. ಟಿಕೆಟ್ಟು ತೆಗೆಸುವಾಗಲೇ ಇದನ್ನು ವಿಚಾರಿಸಿ.

ಹೆಂಗಸರಿಗಾಗಿ 1989ರ ರೈಲ್ವೆ ಕಾಯಿದೆಯಲ್ಲಿ ಒಂದು ರಕ್ಷಣೆ ಇದೆ. ಜೊತೆಗೆ ಗಂಡಸು ಇಲ್ಲದ ಹೆಂಗಸಿನ ಟಿಕೆಟ್ಟಿನಲ್ಲಿ ಏನಾದರೂ ದೋಷ ಬಂತು ಅಂದುಕೊಳ್ಳಿ. ಅವಳನ್ನು ರಾತ್ರಿ ಹೊತ್ತು ಗಾಡಿಯಿಂದ ಇಳಿಸುವ ಹಾಗಿಲ್ಲ. ಹಗಲಿನಲ್ಲಿ ಮಾತ್ರ ಇಳಿಸಬಹುದು. ಅದೂ ಅವಳು ಹತ್ತಿದ ಸ್ಟೇಷನ್, ಜಂಕ್ಷನ್, ಕೊನೆಯ ಸ್ಟೇಷನ್, ಇಲ್ಲವೇ ಜಿಲ್ಲಾ ಕೇಂದ್ರದ ಸ್ಟೇಷನ್ನಿನಲ್ಲಿ ಮಾತ್ರ. ಇದರ ಅರ್ಥ ಟಿಕೆಟ್ಟಿಲ್ಲದೆ ಹೋಗಿ ಎಂದಲ್ಲ. ಕತ್ತಲಲ್ಲಿ ಕಾಡಿನಂಥ ಸ್ಟೇಷನ್ನಿನಲ್ಲಿ ಇಳಿ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ ಎಂದು.

ಗಾಡಿ ತಡವಾದದ್ದಕ್ಕೆ ಕಾರಣ ಕೇಳುವ ಹಕ್ಕೂ ನಮಗಿದೆ. 2016ರಲ್ಲಿ ಒಂದು ಕುಟುಂಬ ಜಮ್ಮುವಿಗೆ ಹೊರಟಿತ್ತು. ಗಾಡಿ ನಾಲ್ಕು ಗಂಟೆ ತಡವಾಯಿತು. ಅಲ್ಲಿಂದ ಅವರು ಹತ್ತಬೇಕಿದ್ದ ವಿಮಾನ ತಪ್ಪಿತು. ಅವರು ಗ್ರಾಹಕರ ವೇದಿಕೆಗೆ ಹೋದರು. ಮಾತು ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ತಡಕ್ಕೆ ಸರಿಯಾದ ಕಾರಣ ತೋರಿಸಲಾಗದಿದ್ದರೆ ರೈಲ್ವೆ ಪರಿಹಾರ ಕೊಡಬೇಕು ಎಂದು ಕೋರ್ಟು ಹೇಳಿತು. ಮಂಜು, ಪ್ರವಾಹದಂಥ ಕಾರಣ ಇದ್ದರೆ ಮಾತು ಬೇರೆ. ಅದಕ್ಕೇ ಟಿಕೆಟ್ಟು ಎಸೆಯಬೇಡಿ. ಗಾಡಿ ಬಂದ ಹೊತ್ತು ಬರೆದಿಡಿ. ಬರೆದಿಟ್ಟದ್ದಕ್ಕೆ ಬೆಲೆ ಇದೆ.

ಇಷ್ಟು ನೆನಪಿಡಿ

ಗಾಡಿಯ ಐದು ಅಂಕಿ ಬಾಯಿಪಾಠ ಇರಲಿ.

ರಾತ್ರಿ ಹನ್ನೆರಡರ ನಂತರದ ಗಾಡಿಯಾದರೆ ತಾರೀಖು ಎರಡು ಸಲ ನೋಡಿ.

ತಡವಾದಾಗ ಮುಟ್ಟುವ ಹೊತ್ತಿಗೂ ಅಷ್ಟೇ ಗಂಟೆ ಕೂಡಿಸಿ ನೋಡಿ. ಹಗಲಿಗೆ ಇಳಿಯಬೇಕಾದವರು ನಡುರಾತ್ರಿ ಇಳಿಯಬೇಕಾಗಬಹುದು. ಮನೆಗೆ ಫೋನ್ ಮಾಡಿ ತಿಳಿಸಿ.

ಯಾರು ಏನೇ ಹೇಳಿದರೂ ಬೋರ್ಡು ನೋಡಿ, ಇಲ್ಲವೇ 139ಕ್ಕೆ ಕೇಳಿ.

ನಡು ದಾರಿಯಲ್ಲಿ ಇಳಿಯಬೇಡಿ. ಹಳಿ ದಾಟಬೇಡಿ.

ಉಪವಾಸ ಇರಬೇಡಿ. ನೀರು ಕುಡಿಯಿರಿ.

ಈಗ ಮನೆಗೆಲಸ. ಕರಿಹಲಗೆಯ ಮೇಲೆ ಒಂದು ಲೆಕ್ಕ ಬರೆದಿದ್ದೇವೆ. ಗಾಡಿ 21:50ಕ್ಕೆ ಹೊರಡಬೇಕು. ನಾಲ್ಕು ಗಂಟೆ ತಡ. ಎಷ್ಟಕ್ಕೆ ಹೊರಡುತ್ತದೆ? ತಾರೀಖು ಬದಲಾಗುತ್ತದೋ ಇಲ್ಲವೋ? ಟಿಕೆಟ್ಟು ವಾಪಸ್ ಕೊಟ್ಟರೆ ಪೂರ್ತಿ ಹಣ ಸಿಗುತ್ತದೋ ಇಲ್ಲವೋ? ನಾಳೆ ಬರುವಾಗ ಉತ್ತರ ಬರೆದು ತನ್ನಿ. ಮನೆಯಲ್ಲಿ ಹಳೆಯ ರೈಲು ಟಿಕೆಟ್ಟು ಇದ್ದರೆ ಅದನ್ನೂ ತನ್ನಿ. ಎಲ್ಲರೂ ಕೂತು ಓದೋಣ.